ಸೀಟಿನ ತಕ್ಕಡಿಯಲ್ಲಿ ಸ್ವರ ತೂಗಬೇಡಿ
ನೀಲಗಿರಿಯ ನಂಜನಾಡು ಮತ್ತು ಸುತ್ತಣ ಹಟ್ಟಿಗಳ ಹೆತ್ತವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಂದೆತಾಯಂದಿರೇ,

ಹತ್ತನೇ ತರಗತಿಯ ಫಲಿತಾಂಶ ಬಂದ ವಾರದಿಂದಲೇ ಮನೆಮನೆಯಲ್ಲೂ ಮಕ್ಕಳ ಮುಂದಿನ ಓದಿನ ಮಾತು ಶುರುವಾಗುತ್ತದೆ. ಆಲೂಗೆಡ್ಡೆ, ಕ್ಯಾರೆಟ್, ಬೆಳ್ಳುಳ್ಳಿ ಬೆಳೆದು ಮೇಟುಪಾಳ್ಯದ ಮಂಡಿಗೆ ಕಳಿಸಿ, ಅಲ್ಲಿಂದ ಬಂದ ದುಡ್ಡಿನಲ್ಲಿ ಫೀಸು ಕಟ್ಟುವವರಿಗೆ ಇದು ಹಗುರವಾದ ಮಾತಲ್ಲ. ಆ ಹೊತ್ತಿನಲ್ಲಿ ಸಂಗೀತದ ವಿಷಯಕ್ಕೆ ಎರಡು ಬಗೆಯ ತೀರ್ಮಾನಗಳು ಆಗುತ್ತವೆ. ಹಾಡುವ, ನುಡಿಸುವ ಮಗುವಿದ್ದರೆ ಕೆಲವರು ‘ಒಳ್ಳೆಯ ಕಾಲೇಜಿಗೆ ಸೇರುವಾಗ ಇದೂ ಲೆಕ್ಕಕ್ಕೆ ಬರುತ್ತದಂತೆ’ ಎಂದುಕೊಂಡು ಒಂದರ ಮೇಲೊಂದು ಸರ್ಟಿಫಿಕೇಟಿಗೆ ಹಣ ಹಾಕುತ್ತಾರೆ. ಇನ್ನು ಕೆಲವರು ‘ಪ್ಲಸ್ ಒನ್ ಬಂತು, ಹಾಡಿದ್ದು ಸಾಕು, ಇನ್ನೆರಡು ವರ್ಷ ಪುಸ್ತಕ ಬಿಟ್ಟು ಬೇರೇನೂ ಬೇಡ’ ಎಂದು ಹಾರ್ಮೋನಿಯಮ್ಮಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸುತ್ತಾರೆ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ಎದುರು. ಬೇರು ಮಾತ್ರ ಒಂದೇ: ಸಂಗೀತದ ಬೆಲೆ ಎಂದರೆ ಅದರಿಂದ ಸಿಗುವ ಸೀಟು ಎಂಬ ನಂಬಿಕೆ. ಈ ನಂಬಿಕೆ ತಪ್ಪು, ಅದರಿಂದ ಮಕ್ಕಳಿಗೂ ಸಂಗೀತಕ್ಕೂ ನಷ್ಟ ಎಂಬುದನ್ನು ನಿಮ್ಮ ಮುಂದಿಡಲು ಈ ಪತ್ರ.

ಮೊದಲು ನಮ್ಮ ಬಾಗಿಲಿನ ಮುಂದಿರುವ ದಾರಿಯನ್ನೇ ನೋಡೋಣ. ತಮಿಳುನಾಡಿನಲ್ಲಿ ವೃತ್ತಿಶಿಕ್ಷಣದ ರಾಜ್ಯಮಟ್ಟದ ಪ್ರವೇಶ ಪರೀಕ್ಷೆಯನ್ನು 2006ರ ಕಾನೂನಿನಿಂದ ತೆಗೆದುಹಾಕಲಾಯಿತು. ಅಲ್ಲಿಂದೀಚೆಗೆ ಎಂಜಿನಿಯರಿಂಗ್ ಕೌನ್ಸೆಲಿಂಗಿನ ರ‍್ಯಾಂಕು ನಿಲ್ಲುವುದು ಪ್ಲಸ್ ಟು ಅಂಕಗಳ ಮೇಲೆ. ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50, ಒಟ್ಟು 200ಕ್ಕೆ ಎಷ್ಟು ಎಂಬುದೇ ಕಟ್ ಆಫ್. ಅರ್ಧ ಅಂಕ ಜಾರಿದರೂ ಪಟ್ಟಿಯಲ್ಲಿ ನೂರಾರು ಹೆಸರು ಹಿಂದೆ ಸರಿಯಬೇಕಾಗುತ್ತದೆ. ವೈದ್ಯಕೀಯಕ್ಕೆ ನೀಟ್, ಅದರ 720 ಅಂಕ. ಈ ಲೆಕ್ಕಗಳಲ್ಲಿ ಕ್ರೀಡಾಪಟುಗಳಿಗೆ ಜಾಗ ಉಂಟು, ಎಂಜಿನಿಯರಿಂಗಿನಲ್ಲಿ 500 ಸೀಟುಗಳು ಅವರಿಗೆಂದೇ ಮೀಸಲು. ಮಾಜಿ ಸೈನಿಕರ ಮಕ್ಕಳಿಗೆ ಉಂಟು, ಅಂಗವಿಕಲರಿಗೆ ಉಂಟು, ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 7.5ರಷ್ಟು ಉಂಟು. ಕಲ್ಯಾಣಿ ರಾಗವನ್ನು ಒಂದು ಗಂಟೆ ಹಾಡಬಲ್ಲ ಹುಡುಗಿಗೆ ಈ ಅರ್ಜಿಯಲ್ಲಿ ಒಂದು ಅಂಕಣವೂ ಇಲ್ಲ. ಆಕೆಯ ಸಾಧನೆಯನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಕೇಳುವವರೇ ಇಲ್ಲ, ಅಷ್ಟೆ. ಆದ್ದರಿಂದ ‘ಸೀಟಿಗೆ ಅನುಕೂಲ’ ಎಂದು ಯಾರಾದರೂ ಸಂಗೀತದ ಸರ್ಟಿಫಿಕೇಟು ಮಾರಿದರೆ, ಯಾವ ಕಾಲೇಜಿನ, ಯಾವ ನಿಯಮದಲ್ಲಿ, ಎಷ್ಟು ಅಂಕಕ್ಕೆ ಎಂದು ಕೇಳಿ. ಉತ್ತರ ಕಾಗದದ ಮೇಲೆ ಸಿಗದಿದ್ದರೆ ಆ ಹಣ ನಿಮ್ಮ ಕೈಯಲ್ಲೇ ಇರಲಿ.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿವೆ ಎಂದರೆ ಅದು ಸುಳ್ಳಾಗುತ್ತದೆ. ನಮ್ಮ ರಾಜ್ಯದಲ್ಲೇ ಇರುವ ಐಐಟಿ ಮದ್ರಾಸು 2025–26ರಿಂದ ಲಲಿತಕಲೆ ಮತ್ತು ಸಂಸ್ಕೃತಿಯಲ್ಲಿ ಎತ್ತರಕ್ಕೆ ಏರಿದವರಿಗೆ ಒಂದು ಪ್ರವೇಶ ದಾರಿ ತೆರೆದಿದೆ. ಪ್ರತಿ ಪದವಿ ಕೋರ್ಸಿನಲ್ಲಿ 2 ಹೆಚ್ಚುವರಿ ಸೀಟು, ಅದರಲ್ಲಿ 1 ಹುಡುಗಿಯರಿಗೆ. ಇದನ್ನು ಕೇಳಿದ ಕೂಡಲೇ ಮನಸ್ಸು ಹಿಗ್ಗುವುದು ಸಹಜ, ಆದರೆ ನಿಯಮವನ್ನು ಕೊನೆಯವರೆಗೆ ಓದಬೇಕು. ಜೆಇಇ ಅಡ್ವಾನ್ಸ್ಡ್ ಬರೆದು ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬಂದವರು ಮಾತ್ರ ಇಲ್ಲಿ ಅರ್ಜಿ ಹಾಕಬಹುದು. ಆ ಮೇಲೆ ಎಣಿಕೆಗೆ ಬರುವುದು ಕೇಂದ್ರದ ಸಾಂಸ್ಕೃತಿಕ ಪ್ರತಿಭಾ ವಿದ್ಯಾರ್ಥಿವೇತನ, ಆಕಾಶವಾಣಿ ಅಥವಾ ದೂರದರ್ಶನದ ಗ್ರೇಡ್, ರಾಷ್ಟ್ರಮಟ್ಟದ ಪುರಸ್ಕಾರಗಳಂಥವು. ಶಾಲಾ ವಾರ್ಷಿಕೋತ್ಸವದ ಬಹುಮಾನ, ದುಡ್ಡು ಕಟ್ಟಿದವರಿಗೆಲ್ಲ ಸಿಗುವ ಪದಕ ಇವಕ್ಕೆ ಅಲ್ಲಿ ಬೆಲೆಯಿಲ್ಲ. ದೆಹಲಿ ವಿಶ್ವವಿದ್ಯಾಲಯದ್ದು ಇದಕ್ಕಿಂತ ಸ್ವಲ್ಪ ಅಗಲವಾದ ಬಾಗಿಲು. ಅಲ್ಲಿನ ಕಾಲೇಜುಗಳಲ್ಲಿ ಪಠ್ಯೇತರ ಕಲೆ ಮತ್ತು ಕ್ರೀಡೆ ಎರಡೂ ಸೇರಿ ಗರಿಷ್ಠ ನೂರಕ್ಕೆ 5ರಷ್ಟು ಹೆಚ್ಚುವರಿ ಸೀಟುಗಳಿವೆ. 2022ರಲ್ಲಿ ಸಿಯುಇಟಿ ಪ್ರವೇಶ ಪರೀಕ್ಷೆ ಬಂದ ಮೇಲೆ ಪಠ್ಯೇತರ ವಿಭಾಗದ ಪಟ್ಟಿಯಲ್ಲಿ ಪರೀಕ್ಷೆಯ ಅಂಕಕ್ಕೆ 25, ಕಲೆಗೆ 75 ಎಂಬ ತೂಕ ನಿಗದಿಯಾಯಿತು. ಹಾಡುಗಾರಿಕೆ, ವಾದ್ಯ ಎರಡಕ್ಕೂ ಅಲ್ಲಿ ಅವಕಾಶ ಉಂಟು. ಸರ್ಟಿಫಿಕೇಟ್ ತೋರಿಸಿದರೆ ಮುಗಿಯಲಿಲ್ಲ, ಬಲ್ಲವರ ಎದುರು ಹಾಡಿ ತೋರಿಸಬೇಕು. ಇಂಥ ನಿಯಮಗಳು ವರ್ಷವರ್ಷಕ್ಕೂ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಿ ಮುಂದುವರಿಯಿರಿ.

ಈ ಎರಡು ಬಾಗಿಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎರಡೂ ಕೇಳುವುದು ಎಂಟು ಹತ್ತು ವರ್ಷ ನೆಲೆನಿಂತು ಕಲಿತ ವಿದ್ಯೆಯನ್ನು. ಕೇಂದ್ರದ ಆ ವಿದ್ಯಾರ್ಥಿವೇತನವನ್ನೇ ತೆಗೆದುಕೊಳ್ಳಿ. ಸಿಸಿಆರ್‌ಟಿ ಎಂಬ ಸಂಸ್ಥೆ 1982ರಿಂದ ನಡೆಸಿಕೊಂಡು ಬಂದಿರುವ ಯೋಜನೆ ಅದು. 10ರಿಂದ 14 ವರ್ಷದೊಳಗಿನ ಮಕ್ಕಳಿಗೆ, ಇಡೀ ದೇಶಕ್ಕೆ ವರ್ಷಕ್ಕೆ 650. ಪ್ಲಸ್ ಒನ್‌ಗೆ ಬಂದ ಮಗುವಿಗೆ ಆ ವಯಸ್ಸು ಆಗಲೇ ದಾಟಿಹೋಗಿರುತ್ತದೆ. ಸೀಟಿನ ಆಸೆಗೆ ಹದಿನಾರರಲ್ಲಿ ಕೀಬೋರ್ಡು ಕೊಡಿಸಿದವರಿಗೆ ಈ ಬಾಗಿಲು ತೆರೆಯುವುದಿಲ್ಲ. ತೆರೆದರೆ, ಸೀಟಿನ ಯೋಚನೆ ಸುಳಿಯುವ ಮೊದಲೇ ಹಾಡಿನ ಮೇಲಿನ ಆಸೆಗೆ ಹಾಡಿಕೊಂಡು ಬಂದ ಮಗುವಿಗೆ ತೆರೆದೀತು. ಅಂದರೆ ಸಂಗೀತಕ್ಕೆ ಮಣೆ ಹಾಕುವ ಕಾಲೇಜುಗಳೂ ಕೊನೆಗೆ ಹುಡುಕುವುದು ಸಂಗೀತವನ್ನು ಸಂಗೀತಕ್ಕಾಗಿಯೇ ಹಿಡಿದವರನ್ನು.

ಇಲ್ಲೊಂದು ಆಕ್ಷೇಪಣೆ ಬರುತ್ತದೆ. ನಮ್ಮ ದೇಶದ ಮಾತು ಬಿಡಿ, ಹೊರದೇಶದ ದೊಡ್ಡ ವಿಶ್ವವಿದ್ಯಾಲಯಗಳು ಇಡೀ ವ್ಯಕ್ತಿತ್ವವನ್ನು ನೋಡುತ್ತವಲ್ಲ, ಅಲ್ಲಿ ಸಂಗೀತ ನೆರವಿಗೆ ಬರುವುದಿಲ್ಲವೇ? ಬರುತ್ತದೆ, ಆದರೆ ನಾವು ಅಂದುಕೊಂಡ ಹಾಗಲ್ಲ. ಅಮೆರಿಕದ ಅನೇಕ ಕಾಲೇಜುಗಳಿಗೆ ಒಟ್ಟಾಗಿ ಸಲ್ಲುವ ಸಾಮಾನ್ಯ ಅರ್ಜಿಯಲ್ಲಿ 10 ಪಠ್ಯೇತರ ಚಟುವಟಿಕೆಗಳನ್ನು ಬರೆಯಲು ಜಾಗವಿದೆ. ಪಿಟೀಲೂ ಅಲ್ಲೇ, ಚರ್ಚಾಕೂಟವೂ ಅಲ್ಲೇ, ಸಮಾಜಸೇವೆಯೂ ಅಲ್ಲೇ. ಹಾರ್ವರ್ಡ್ ವಿಶ್ವವಿದ್ಯಾಲಯದ ವಿರುದ್ಧ ನಡೆದು 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಮೊಕದ್ದಮೆಯಿಂದಾಗಿ ಅಲ್ಲಿನ ಆಯ್ಕೆಯ ಒಳಗಿನ ಲೆಕ್ಕಗಳು ಹೊರಬಂದವು. ಓದು, ಪಠ್ಯೇತರ, ಕ್ರೀಡೆ, ವ್ಯಕ್ತಿತ್ವ ಎಂದು ಬೇರೆಬೇರೆ ಅಂಕ ಕೊಡುತ್ತಾರೆ. ತರಬೇತುದಾರರು ಮೊದಲೇ ಆರಿಸಿಕೊಂಡ ಕ್ರೀಡಾಪಟುಗಳಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಸೀಟು ಸಿಕ್ಕಿತ್ತು. ಸಂಗೀತಗಾರರಿಗೆ ಅಂಥ ಪ್ರತ್ಯೇಕ ಹೆದ್ದಾರಿ ಇರಲಿಲ್ಲ. ಅವರು ಪಠ್ಯೇತರ ಎಂಬ ದೊಡ್ಡ ಗುಂಪಿನೊಳಗೆ ಒಬ್ಬರು. ಅದೇ 2023ರಲ್ಲಿ ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ 12 ಅತಿ ಬೇಡಿಕೆಯ ಕಾಲೇಜುಗಳನ್ನು ಪರಿಶೀಲಿಸಿದರು. ಪರೀಕ್ಷೆಯಲ್ಲಿ ಅಷ್ಟೇ ಅಂಕ ತೆಗೆದರೂ ಅತಿ ಶ್ರೀಮಂತ ಮನೆಯ ಮಕ್ಕಳಿಗೆ, ಮಧ್ಯಮವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಅವಕಾಶ ಇರುವುದು ಕಂಡಿತು. ಅದಕ್ಕೆ ಮುಖ್ಯವಾಗಿ ಮೂರು ಕಾರಣಗಳು: ಹಳೆಯ ವಿದ್ಯಾರ್ಥಿಗಳ ಮಕ್ಕಳೆಂಬ ಆದ್ಯತೆ, ಕ್ರೀಡಾ ನೇಮಕಾತಿ, ಮತ್ತು ಓದಿನಾಚೆಯ ಸಾಧನೆಗಳಿಗೆ ಕೊಡುವ ತೂಕ. ಈ ಮೂರನೆಯದನ್ನು ಗಮನಿಸಿ. ಇಡೀ ವ್ಯಕ್ತಿತ್ವವನ್ನು ನೋಡುತ್ತೇವೆ ಎಂಬ ಒಳ್ಳೆಯ ಮಾತು, ಆ ವ್ಯಕ್ತಿತ್ವವನ್ನು ದುಬಾರಿ ಶಾಲೆಯಲ್ಲಿ ತಿದ್ದಿಸಿಕೊಂಡವರಿಗೇ ಹೆಚ್ಚು ಒದಗಿತು. ಬ್ರಿಟನ್ನಿನಲ್ಲಿ ಸಂಗೀತದ 6ರಿಂದ 8ನೇ ಗ್ರೇಡಿನ ಪರೀಕ್ಷೆಗಳಿಗೆ ಕಾಲೇಜು ಪ್ರವೇಶದ ಪಾಯಿಂಟುಗಳು ಸಿಗುತ್ತವೆ. ಆದರೆ ಅತಿ ಹೆಚ್ಚು ಪೈಪೋಟಿಯಿರುವ ವಿಶ್ವವಿದ್ಯಾಲಯಗಳು ಸೀಟು ಕೊಡುವಾಗ ಮುಖ್ಯವಾಗಿ ನೋಡುವುದು ಆ ಪಾಯಿಂಟುಗಳನ್ನಲ್ಲ, ವಿಷಯಗಳಲ್ಲಿ ಪಡೆದ ಶ್ರೇಣಿಯನ್ನು.

ಎರಡನೆಯ ಆಕ್ಷೇಪಣೆ ಇನ್ನೂ ಪ್ರಿಯವಾದದ್ದು: ಸಂಗೀತ ಮೆದುಳನ್ನು ಚುರುಕು ಮಾಡುತ್ತದೆ, ಆದ್ದರಿಂದ ಅಂಕ ತಾನಾಗಿ ಏರುತ್ತದೆ, ಸೀಟು ಹಿಂದೆಯೇ ಬರುತ್ತದೆ. ಇದನ್ನು ಹೇಳಿ ಸಂಗೀತ ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವವರು ಎಲ್ಲೆಲ್ಲೂ ಇದ್ದಾರೆ. ಕೆನಡಾದ ಮನೋವಿಜ್ಞಾನಿ ಗ್ಲೆನ್ ಶೆಲೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಪ್ರಯೋಗ ಈ ಮಾತಿಗೆ ದೊಡ್ಡ ಆಧಾರ. ಆರು ವರ್ಷದ 144 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿ, ಒಂದಕ್ಕೆ ಕೀಬೋರ್ಡು, ಒಂದಕ್ಕೆ ಹಾಡು, ಒಂದಕ್ಕೆ ನಾಟಕ ಕಲಿಸಿ, ಇನ್ನೊಂದಕ್ಕೆ ಏನನ್ನೂ ಕಲಿಸದೆ ಬಿಟ್ಟರು. ವರ್ಷದ ಕೊನೆಗೆ ಸಂಗೀತದ ಮಕ್ಕಳ ಬುದ್ಧ್ಯಂಕ ಸರಾಸರಿ 7 ಏರಿತ್ತು, ಉಳಿದವರದು 4.3. ವ್ಯತ್ಯಾಸ ಮೂರಕ್ಕಿಂತ ಕಡಿಮೆ. ಆಮೇಲೆ 2020ರಲ್ಲಿ ಸಾಲಾ ಮತ್ತು ಗೊಬೆ ಎಂಬ ಸಂಶೋಧಕರು 54 ಅಧ್ಯಯನಗಳನ್ನು, ಸುಮಾರು 7,000 ಮಕ್ಕಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪ್ರಯೋಗ ಬಿಗಿಯಾದಷ್ಟೂ ಲಾಭ ಕರಗುತ್ತ ಹೋಯಿತು. ಸಂಗೀತದ ಗುಂಪನ್ನು ಬೇರೇನಾದರೂ ಕಲಿತ ಗುಂಪಿನ ಜೊತೆ ಹೋಲಿಸಿದಾಗ ವ್ಯತ್ಯಾಸವೇ ಉಳಿಯಲಿಲ್ಲ. ಸಂಗೀತ ಕಲಿತರೆ ಸಂಗೀತ ಬರುತ್ತದೆ. ಗಣಿತ ಬರಬೇಕಾದರೆ ಗಣಿತವನ್ನೇ ಮಾಡಬೇಕು. ಸಂಗೀತದ ಮೇಲೆ ಪ್ರೀತಿಯಿರುವವರು ಈ ಫಲಿತಾಂಶಕ್ಕೆ ಬೇಸರಪಡಬೇಕಾಗಿಲ್ಲ. ಅಂಕ ತಂದುಕೊಡಲಿಲ್ಲ ಎಂಬ ಕಾರಣಕ್ಕೆ ಸಂಗೀತ ಸಣ್ಣದಾಗುವುದಾದರೆ, ಹಾಡು ತಂದುಕೊಡಲಿಲ್ಲ ಎಂಬ ಕಾರಣಕ್ಕೆ ಗಣಿತವೂ ಸಣ್ಣದಾಗಬೇಕಲ್ಲವೇ?

ಹಾಗಾದರೆ ಪ್ಲಸ್ ಒನ್‌ನಲ್ಲಿ ನಿಲ್ಲಿಸುವುದೇ ಸರಿ, ದಿನಕ್ಕೆ ಒಂದು ಗಂಟೆಯ ಅಭ್ಯಾಸ ನೀಟ್‌ನಿಂದ ಕದ್ದ ಗಂಟೆ ಎಂದು ನೀವು ಹೇಳಬಹುದು. ನಿಮ್ಮ ಭಯ ನ್ಯಾಯವಾದದ್ದು, ಅದಕ್ಕೆ ಉಡಾಫೆಯ ಉತ್ತರ ಸಲ್ಲದು. ಆದರೆ ಆ ಭಯಕ್ಕೆ ಪುರಾವೆ ಎಷ್ಟು? ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1,10,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಪ್ರೌಢಶಾಲೆಯಲ್ಲಿ ಸಂಗೀತದ ತರಗತಿ ಇಟ್ಟುಕೊಂಡವರು ಗಣಿತ, ವಿಜ್ಞಾನ, ಇಂಗ್ಲಿಷ್ ಮೂರರಲ್ಲೂ ಉಳಿದವರಿಗಿಂತ ಮುಂದೆ ಇದ್ದರು. ಹಿಂದಿನ ಅಂಕ, ಮನೆಯ ಸ್ಥಿತಿಗತಿ ಎಲ್ಲ ಲೆಕ್ಕಕ್ಕೆ ತಂದ ಮೇಲೂ ಇದ್ದರು. ಸಂಗೀತದಿಂದಲೇ ಹೀಗಾಯಿತು ಎಂದು ಇದರಿಂದ ಸಾಧಿಸಲಾಗದು. ಶಿಸ್ತುಳ್ಳ ಮಕ್ಕಳೇ ಸಂಗೀತದಲ್ಲಿ ಉಳಿದಿರಬಹುದು. ಆದರೆ ಇಷ್ಟಂತೂ ಹೇಳಬಹುದು: ಸಂಗೀತ ಹಿಡಿದವರು ಅಷ್ಟು ದೊಡ್ಡ ಗುಂಪಿನಲ್ಲೂ ಓದಿನಲ್ಲಿ ಹಿಂದೆ ಬೀಳಲಿಲ್ಲ. ಮಗುವಿನ ದಿನದಲ್ಲಿ ಅರ್ಧ ಗಂಟೆ ಉಳಿಸಬೇಕಾದರೆ ತಂಬೂರಿಯ ಮುಂದೆ ಕೂತ ಅರ್ಧ ಗಂಟೆಗೇ ಮೊದಲು ಕತ್ತರಿ ಏಕೆ? ಫೋನಿನಲ್ಲಿ ಹೋಗುವ ಹೊತ್ತನ್ನೂ ಒಮ್ಮೆ ಎಣಿಸಿ ನೋಡಿ. ಇನ್ನೊಂದು ಸಂಗತಿಯೂ ಉಂಟು. ಹದಿನಾರು ಹದಿನೇಳರಲ್ಲಿ ಕಂಠ ಬಲಿಯುತ್ತದೆ, ಬೆರಳು ಪಳಗುತ್ತದೆ, ಕೇಳಿದ್ದು ಒಳಗೆ ಇಳಿಯುವ ಕಾಲ ಅದು. ಆಗ ಎರಡು ವರ್ಷ ಪೂರ್ತಿ ಬಿಟ್ಟರೆ ಹಿಂದಿನ ಎಂಟು ವರ್ಷದ ದುಡಿಮೆ ಅರ್ಧದಲ್ಲೇ ನಿಂತಂತೆ. ಗಿಡ ಹೂ ಬಿಡುವ ಹೊತ್ತಿಗೆ ನೀರು ನಿಲ್ಲಿಸಿದರೆ ಏನಾಗುತ್ತದೆಂದು ಬೇಸಾಯ ಮಾಡುವ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯ ಮಾತು ನ್ಯಾಯದ್ದು. ಕ್ರೀಡೆಗೆ ಸೀಟುಂಟು, ಸಂಗೀತಕ್ಕೇಕಿಲ್ಲ? ನಾವೆಲ್ಲ ಸೇರಿ ಕೃಪಾಂಕ ಕೇಳಬಾರದೇ? ಗೂಡಲೂರು ದಾಟಿದರೆ ಸಿಗುವ ಕೇರಳ ಈ ಪ್ರಯೋಗವನ್ನು ಬಹುಕಾಲ ಮಾಡಿ ನೋಡಿದೆ. 1957ರಲ್ಲಿ ಎರ್ನಾಕುಳಂನಲ್ಲಿ ಶುರುವಾದ ಶಾಲಾ ಕಲೋತ್ಸವ ಇಂದು ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಕ್ಕಳ ಕಲಾಮೇಳ. ಅದರಲ್ಲಿ ಗ್ರೇಡ್ ಪಡೆದವರಿಗೆ ಸಾರ್ವಜನಿಕ ಪರೀಕ್ಷೆಯಲ್ಲಿ ಕೃಪಾಂಕ ಉಂಟು. ಕಾಸರಗೋಡಿನ ಕನ್ನಡ ಮಕ್ಕಳು ಆ ವೇದಿಕೆಯಲ್ಲಿ ಯಕ್ಷಗಾನ ಆಡುತ್ತಾರೆ, ಕನ್ನಡ ಪದ್ಯ ಹಾಡುತ್ತಾರೆ. ಕಲೆಗೆ ಒಂದು ಸರ್ಕಾರ ಕೊಡಬಹುದಾದ ದೊಡ್ಡ ಗೌರವ ಅದು. ಆದರೆ ಅಂಕ ಬಂದು ಕೂತ ಕಡೆ ಅಂಕದ ಜಗಳವೂ ಬಂತು. ತೀರ್ಪು ಒಪ್ಪದೆ ಅಪೀಲು ಹಾಕುವುದು, ನ್ಯಾಯಾಲಯದ ಆದೇಶ ತಂದು ವೇದಿಕೆ ಏರುವುದು ವರ್ಷವರ್ಷದ ಕಥೆಯಾಯಿತು. 2018ರ ತ್ರಿಶೂರು ಕಲೋತ್ಸವದಲ್ಲಿ ನಕಲಿ ಅಪೀಲು ಆದೇಶಗಳೇ ಸಿಕ್ಕಿ ಪೊಲೀಸರು ತನಿಖೆಗೆ ಇಳಿಯಬೇಕಾಯಿತು. ವೇಷಭೂಷಣಕ್ಕೆ, ತರಬೇತಿಗೆ ಸಾಲ ಮಾಡುವ ಮನೆಗಳ ಮಾತು ಅಲ್ಲಿ ಪ್ರತಿ ವರ್ಷ ಎದ್ದೇಳುತ್ತದೆ. ಆದ್ದರಿಂದ ನಾವು ಕೇಳಬೇಕಾದದ್ದು ಎಲ್ಲರ ಅಂಕಪಟ್ಟಿಗೆ ಸೇರಿಸುವ ಹತ್ತು ಇಪ್ಪತ್ತು ಅಂಕಗಳನ್ನಲ್ಲ. ನಮ್ಮ ರಾಜ್ಯದ ಕಾಲೇಜುಗಳಲ್ಲೂ ಕೆಲವೇ ಸೀಟುಗಳಿಗೆ, ಬಲ್ಲವರ ಎದುರು ಹಾಡಿಸಿ ನುಡಿಸಿ ಆರಿಸುವ ಏರ್ಪಾಡು ಬರಲಿ, ಅದರಲ್ಲಿ ನೆಲದ ಸಂಗೀತಕ್ಕೂ ಸಮನಾದ ಜಾಗ ಇರಲಿ ಎಂದು ಕೇಳೋಣ.

ನೆಲದ ಸಂಗೀತ ಎಂದ ಮೇಲೆ ನೀಲಗಿರಿಯ ಮಾತಿಗೇ ಬರಬೇಕು. ಸರ್ಟಿಫಿಕೇಟಿನ ಕಣ್ಣಿಗೆ ಬೀಳದ ದೊಡ್ಡ ಸಂಗೀತವೊಂದು ಇಲ್ಲಿದೆ. ಇಲ್ಲಿನ ಬುಡಕಟ್ಟಿನವರಾದ ಕೋತರ ಕೊಳ್ ವಾದ್ಯವನ್ನು ಹತ್ತಿರದಿಂದ ನೋಡಿ. ನಾದಸ್ವರದ ಹಾಗೆ ಬಾಯಲ್ಲಿ ಪೀಪಿಯಿಟ್ಟು ಊದುವ ವಾದ್ಯ ಅದು. ಊದುವವನು ಕೆನ್ನೆಯಲ್ಲಿ ಗಾಳಿ ಹಿಡಿದು, ಮೂಗಿನಲ್ಲಿ ಉಸಿರೆಳೆಯುತ್ತಲೇ ಸ್ವರ ಕಡಿಯದಂತೆ ನಡೆಸುತ್ತಾನೆ. ಪಕ್ಕದಲ್ಲಿ ತಮಟೆ ಜಾತಿಯ ಚರ್ಮವಾದ್ಯಗಳು, ಕೊಂಬುಗಳು. ತಲೆಮಾರುಗಳ ಕಾಲ ಬಡಗರ ಹಟ್ಟಿಗಳ ಹಬ್ಬಕ್ಕೂ ಸಾವಿಗೂ ಈ ವಾದ್ಯ ನುಡಿದಿತ್ತು. ಬಡಗರಲ್ಲಿ ಹಾಡಿನ ಕಥೆಗಳಿವೆ, ಸುತ್ತುಗಟ್ಟಿ ಆಡುವ ಆಟವಿದೆ, ಬಿದಿರಿನ ಬುಗುರಿ ಎಂಬ ವಾದ್ಯವಿದೆ. ಇವಕ್ಕೆ ಗ್ರೇಡ್ ಪರೀಕ್ಷೆಯಿಲ್ಲ, ಪಠ್ಯಪುಸ್ತಕವಿಲ್ಲ. ಆದರೆ ರಿಚರ್ಡ್ ವುಲ್ಫ್ ಎಂಬ ಅಮೆರಿಕದ ವಿದ್ವಾಂಸರು 1990ರ ದಶಕದ ಮೊದಲಲ್ಲಿ ಈ ಬೆಟ್ಟಗಳಿಗೆ ಬಂದು ಕೋತರ ನಡುವೆ ಇದ್ದು ಆ ಸಂಗೀತವನ್ನು ಕಲಿತರು, 2005ರಲ್ಲಿ ಅದರ ಮೇಲೊಂದು ದೊಡ್ಡ ಗ್ರಂಥ ಪ್ರಕಟಿಸಿದರು. ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಪ್ರಾಧ್ಯಾಪಕರು. ಜಗತ್ತಿನ ಅತಿ ಕಷ್ಟದ ಪ್ರವೇಶದ ಕಾಲೇಜೊಂದರಲ್ಲಿ ಗೌರವದ ಅಧ್ಯಯನಕ್ಕೆ ವಸ್ತುವಾದ ಸಂಗೀತ ನಿಮ್ಮ ನೆರೆಹೊರೆಯದು. ಇಂಥದ್ದು ಮನೆಯಂಗಳದಲ್ಲಿ ಇರುವಾಗ ಎಲ್ಲೆಲ್ಲಿಂದಲೋ ಬಂದ ಪರೀಕ್ಷಾ ಮಂಡಳಿಯ ಮುದ್ರೆ ಬಿದ್ದದ್ದು ಮಾತ್ರ ಸಂಗೀತ ಎಂದು ಮಕ್ಕಳಿಗೆ ಹೇಳಿಕೊಟ್ಟರೆ ನಾವೇ ನಮ್ಮದನ್ನು ಕಡಿಮೆ ಮಾಡಿದಂತೆ. ಕೇಂದ್ರದ ಆ ವಿದ್ಯಾರ್ಥಿವೇತನದಲ್ಲೂ ಪಾರಂಪರಿಕ ಕಲೆಯ ಮನೆತನದ ಮಕ್ಕಳಿಗೆ, ಬುಡಕಟ್ಟಿನ ಮಕ್ಕಳಿಗೆ ಬೇರೆಯಾಗಿ ತೆಗೆದಿಟ್ಟ ಪಾಲಿದೆ. ಇದನ್ನು ನಿಮ್ಮ ಶಾಲೆಯ ಮೇಷ್ಟ್ರಿಗೆ, ಕೋತರ ಹಳ್ಳಿಯ ನೆರೆಯವರಿಗೆ ದಯವಿಟ್ಟು ತಿಳಿಸಿ.

ಸಂಗೀತವನ್ನೇ ಓದಾಗಿ ಆರಿಸಿಕೊಳ್ಳುವ ಮಗುವಿನ ದಾರಿ ಬೇರೆ, ಅಲ್ಲಿ ಪ್ರತಿಭೆಯೇ ಪ್ರವೇಶಪತ್ರ. ಕೊಯಮತ್ತೂರಿನಲ್ಲಿ ಸರ್ಕಾರಿ ಸಂಗೀತ ಕಾಲೇಜಿದೆ. ಚೆನ್ನೈಯಲ್ಲಿ 2013ರಲ್ಲಿ ಸಂಗೀತ ಮತ್ತು ಲಲಿತಕಲೆಗಳ ವಿಶ್ವವಿದ್ಯಾಲಯವೇ ಹುಟ್ಟಿತು. ಮಸಿನಗುಡಿ, ಬಂಡೀಪುರ ದಾಟಿದರೆ ಸಿಗುವ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾಲಯವಿದೆ. ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಪರಂಪರೆಯೂ ಗಟ್ಟಿಯಾದದ್ದು. ಎಂಜಿನಿಯರಿಂಗ್ ಸೀಟಿಗೆ ಅಲಂಕಾರವಾಗಿ ತಂದ ಸರ್ಟಿಫಿಕೇಟಿಗೂ ಈ ವಿದ್ಯೆಗೂ ಹೋಲಿಕೆಯೇ ಇಲ್ಲ. ಮಗು ಈ ದಾರಿ ಬಯಸಿದರೆ ‘ಅಂಕ ಬರಲಿಲ್ಲವೆಂದು ಸಂಗೀತಕ್ಕೆ ಹೋಯಿತು’ ಎಂಬ ಮಾತು ನಿಮ್ಮ ಬಾಯಿಂದ ಬಾರದಿರಲಿ.

ಇಷ್ಟು ಹೇಳಿದ ಮೇಲೆ ಬೇಡಿಕೆಗಳು ಕೆಲವೇ. ಐದನೆಯ ತರಗತಿಯ ಹೊತ್ತಿಗೆ ಮಗುವಿಗೆ ಹಾಡಿನಲ್ಲಿ ಮನಸ್ಸಿದೆಯೆಂದು ಕಂಡರೆ ಒಬ್ಬರೇ ಗುರುವಿನ ಬಳಿ ವರ್ಷಗಟ್ಟಲೆ ನಿಲ್ಲಲು ಬಿಡಿ; ವಾದ್ಯ ಕೊಳ್ಳಲು ಆಗದಿದ್ದರೆ ಕಂಠವೇ ಸಾಕು. ಸೀಟಿಗಾಗಿ ಸರ್ಟಿಫಿಕೇಟು ಕೊಳ್ಳಬೇಡಿ. ಸೀಟು ಕೊಡುವ ಒಂದೆರಡು ಬಾಗಿಲುಗಳ ನಿಯಮವನ್ನು ತಿಳಿದಿಡಿ, ಸಿಕ್ಕರೆ ಸಂತೋಷ, ಸಿಗದಿದ್ದರೆ ಸಂಗೀತದ ಮೇಲೆ ಮುನಿಸು ಬೇಡ. ಪ್ಲಸ್ ಟು ವರ್ಷದಲ್ಲೂ ದಿನಕ್ಕೆ ಅರ್ಧ ಗಂಟೆ ಉಳಿಸಿಕೊಡಿ. ಬಡಗರ ಹೆತ್ತೆ ಹಬ್ಬ ಬರುವುದು ಡಿಸೆಂಬರ್, ಜನವರಿಯ ಚಳಿಯಲ್ಲಿ. ಪಬ್ಲಿಕ್ ಪರೀಕ್ಷೆಗೆ ಎರಡು ತಿಂಗಳಷ್ಟೇ ಉಳಿದಿರುವ ಹೊತ್ತು. ‘ಈ ವರ್ಷ ನೀನು ಬರಬೇಡ, ಕೂತು ಓದು’ ಎಂದು ಹದಿನೇಳರ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗುವ ಯೋಚನೆ ಬಂದರೆ, ಒಂದು ಕ್ಷಣ ತಡೆಯಿರಿ. ಬಿಳಿ ಬಟ್ಟೆಯುಟ್ಟು ಸುತ್ತುಗಟ್ಟಿದ ಜನರ ನಡುವೆ ಹಾಡು ಏಳುವಾಗ ಆ ಮಕ್ಕಳ ದನಿಯೂ ಅಲ್ಲಿರಲಿ. ಒಂದು ಸಂಜೆಯಲ್ಲಿ ಅವರ ಕಟ್ ಆಫ್ ಕುಸಿಯುವುದಿಲ್ಲ. ಆ ಹಾಡು ಅವರಿಗೆ ಬಾರದೇ ಹೋದರೆ ಮಾತ್ರ, ನಾಳೆ ಅದನ್ನು ಅವರ ಮಕ್ಕಳಿಗೆ ಕಲಿಸಿಕೊಡುವವರು ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ.

ಇಂತಿ,
ನಿಮ್ಮ ಮಕ್ಕಳ ಓದೂ ಹಾಡೂ ಬೆಳೆಯಲೆಂದು ಬಯಸುವ
ನಿಮ್ಮವ